ಜ್ವರಕ್ಕೆ ಎರಡು ನಿಮಿಷ ಸಾಲದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಮಲೆನಾಡಿನ ತಾಲ್ಲೂಕೊಂದರಲ್ಲಿ ಸಾಮಾನ್ಯ ವೈದ್ಯನಾಗಿರುವ ನಾನು ಹೊಸ ಕಟ್ಟಡವನ್ನಾಗಲಿ ಸ್ಕ್ಯಾನಿಂಗ್ ಯಂತ್ರವನ್ನಾಗಲಿ ಕೇಳುತ್ತಿಲ್ಲ. ಕೇಳುತ್ತಿರುವುದು ಸಂಶೋಧನೆಗೆ ಹಣ. ಅದೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊರರೋಗಿ ಕೊಠಡಿಯಲ್ಲೇ ನಡೆಯಬೇಕಾದ ಸಂಶೋಧನೆಗೆ.

ಜ್ವರ, ತಲೆನೋವು, ಮೈಕೈನೋವು ಎಂದು ನಮ್ಮ ಕಡೆ ಬರುವವರಿಗೆ ಡೆಂಗಿ, ಇಲಿಜ್ವರ, ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್, ಮಂಗನ ಕಾಯಿಲೆ, ಯಾವುದೂ ಇರಬಹುದು. ತಾನಾಗಿ ಇಳಿಯುವ ಮಾಮೂಲು ಜ್ವರವೂ ಇರಬಹುದು. ಎರಡನೆಯ ದಿನ ಇವೆಲ್ಲದರ ಮುಖ ಒಂದೇ. ಪಠ್ಯಪುಸ್ತಕದಲ್ಲಿರುವ ರೋಗಿಯಾದರೋ ವಾರ ಕಳೆದು, ರೋಗ ಬಲಿತು, ಮೆಡಿಕಲ್ ಕಾಲೇಜಿನ ವಾರ್ಡು ಸೇರಿದವನು. ಅವನನ್ನು ನೋಡಿ ಬರೆದದ್ದು ನನ್ನ ಮೇಜಿನ ಮುಂದೆ ಕುಳಿತವರಿಗೆ ಅರ್ಧ ಮಾತ್ರ ಹೊಂದುತ್ತದೆ.

ಆ ಅರ್ಧದ ಕೊರತೆಯನ್ನು ಈಗ ತುಂಬುತ್ತಿರುವುದು ಟೈಫಾಯ್ಡ್ ಪತ್ತೆಗೆಂದು ಮಾಡಿಸುವ ವಿಡಾಲ್ ಎಂಬ ರಕ್ತಪರೀಕ್ಷೆ. ಜ್ವರದ ಮೊದಲ ದಿನಗಳಲ್ಲಿ ಒಮ್ಮೆ ಮಾಡಿಸಿದ ವಿಡಾಲ್ ನಂಬಲರ್ಹವಲ್ಲ ಎಂದು ವೈದ್ಯರೆಲ್ಲರೂ ಓದಿದ್ದಾರೆ. ಆದರೂ ‘ಟೈಫಾಯ್ಡ್ ಬಂದಿದೆ’ ಎಂಬ ಚೀಟಿ ಹಿಡಿದು, ಆಂಟಿಬಯೋಟಿಕ್ ನುಂಗುತ್ತಲೇ ನನ್ನಲ್ಲಿಗೆ ಬರುವವರಿಗೆ ಬರವಿಲ್ಲ.

ಇಷ್ಟಕ್ಕೂ ಒಳ್ಳೆಯ ಸುಳಿವುಗಳು ಅಗ್ಗವಾಗಿಯೇ ಸಿಗುತ್ತವೆ. ತರಗೆಲೆ ತರಲು ಕಾಡಿಗೆ ಹೋಗಿದ್ದಿರಾ? ಅಲ್ಲೆಲ್ಲಾದರೂ ಮಂಗ ಸತ್ತು ಬಿದ್ದಿತ್ತೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವನ್ನೂ ಊರವರ ಜ್ವರವನ್ನೂ ಜೋಡಿಸಿ ನೋಡಿದ್ದರಿಂದಲೇ ಮಂಗನ ಕಾಯಿಲೆಯ ಹೊಸ ವೈರಸ್ ಪತ್ತೆಯಾಯಿತು. ಸ್ಕ್ರಬ್ ಟೈಫಸ್‌ನ ಕರಕಲು ಗಾಯ ಕಂಕುಳಲ್ಲೋ ತೊಡೆಸಂದಿಯಲ್ಲೋ ಅಡಗಿರುತ್ತದೆ, ಬಟ್ಟೆ ಸರಿಸಿ ಹುಡುಕದೆ ಕಾಣದು. ಕಂಡರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಸಾಕು. ಆದರೆ ಹುಡುಕಲು ಹೊತ್ತೆಲ್ಲಿದೆ? 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು ಎರಡು ನಿಮಿಷ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕಳಿಸಿದ ರೋಗಿಗೆ ಕಡೆಗೆ ಇದ್ದದ್ದು ಯಾವ ಜ್ವರ ಎಂಬುದು, ಅವರ ನೆಂಟರು ಸಂತೆಯಲ್ಲಿ ಸಿಕ್ಕರೆ ಮಾತ್ರ ನನಗೆ ತಿಳಿಯುತ್ತದೆ. ನನ್ನ ಊಹೆ ಸರಿಯೋ ತಪ್ಪೋ ಗೊತ್ತಾಗದಿದ್ದರೆ ಮುಂದಿನ ರೋಗಿಯ ವಿಷಯದಲ್ಲಿ ನಾನು ಕಲಿತದ್ದೇನು? ಇಂಗ್ಲೆಂಡಿನ ಬರ್ನ್‌ಲಿ ಎಂಬ ಗಿರಣಿ ಊರಿನಲ್ಲಿ ಸಾಮಾನ್ಯ ವೈದ್ಯನಾಗಿದ್ದ ಜೇಮ್ಸ್ ಮೆಕೆಂಜಿ, ನಾಡಿಯ ಏರುಪೇರುಗಳಲ್ಲಿ ಅಪಾಯದ್ದು ಯಾವುದು, ನಿರಪಾಯದ್ದು ಯಾವುದು ಎಂದು ಕಂಡುಕೊಂಡದ್ದು ಅದೇ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ್ದರಿಂದ. ತಜ್ಞರಿಗೆ ಸಿಗದ ಈ ಅನುಕೂಲ ನಮಗಿದೆ. ನಾವೇ ಬಳಸುತ್ತಿಲ್ಲ, ಇಲಾಖೆ ಕೇಳುತ್ತಲೂ ಇಲ್ಲ.

ಆದ್ದರಿಂದ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಕೇಂದ್ರಗಳನ್ನು ಆರಿಸಿ, ತಲಾ ಒಬ್ಬ ಹೆಚ್ಚುವರಿ ವೈದ್ಯರನ್ನು ಕೊಡಿ. ಬಂದ ಪ್ರತಿ ಜ್ವರವೂ ಮೊದಲ ದಿನವೇ ದಾಖಲಾಗಲಿ, ಎರಡು ವಾರದ ನಂತರ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸಲಿ. ಆ ಕೆಲಸಕ್ಕೆ ಅವರಿಗೆ ಬೇರೆ ಗೌರವಧನ ಕೊಡಿ, ಈಗಿನ ಹೊರೆಯ ಮೇಲೆ ಹೇರಬೇಡಿ. ಪ್ರಯೋಗಾಲಯದ ವರದಿಯೂ ದೊಡ್ಡ ಆಸ್ಪತ್ರೆಯ ಬಿಡುಗಡೆ ಪತ್ರವೂ ರೋಗಿಯನ್ನು ಕಳಿಸಿದ ವೈದ್ಯರಿಗೆ ಮರಳಿ ಬರುವಂತೆ ಆದೇಶ ಹೊರಡಿಸಿ. ಅದಕ್ಕಂತೂ ಬಜೆಟ್ ಬೇಕಿಲ್ಲ. ಡಿಸೆಂಬರ್‌ಗೆ ಮುನ್ನ ಶುರುವಾದರೆ ಮಂಗನ ಕಾಯಿಲೆಯ ಒಂದು ಋತು ಪೂರ್ತಿ ದಾಖಲೆಗೆ ಸಿಗುತ್ತದೆ.

ಇತಿ,
ಮಲೆನಾಡಿನ ಒಬ್ಬ ವೈದ್ಯ