ಕೀ ಕಾಕರ್‌ಗೆ ಹೊರಡುವವರು ಓದಿ

ಎಲ್ಲರಿಗೂ ನಮಸ್ಕಾರ. ಕೀ ಕಾಕರ್ ಮಧ್ಯ ಅಮೆರಿಕದ ಬೆಲೀಜ್ ದೇಶದ ಪುಟ್ಟ ದ್ವೀಪ. ಬೆಲೀಜ್ ಸಿಟಿಯಿಂದ ಅಲ್ಲಿಗೆ ವಾಟರ್ ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ದೋಣಿಯ ಹಿಂಭಾಗದಲ್ಲಿ ಕೂತರೆ ಕುಲುಕಾಟ ಕಡಿಮೆ. ದ್ವೀಪದಲ್ಲಿ ಓಡಾಟಕ್ಕೆ ಸೈಕಲ್, ಗಾಲ್ಫ್ ಗಾಡಿ. ಮರಳು ದಾರಿ, ಚಕ್ರದ ಸೂಟ್‌ಕೇಸ್ ಬೇಡ. ಅಲ್ಲಿಯವರ ಮಂತ್ರವೇ 'ಗೋ ಸ್ಲೋ', ಊಟ ತಡವಾಯ್ತು ಅಂತ ಅಲ್ಲಿ ಗೊಣಗುವ ಹಾಗಿಲ್ಲ!

ಸ್ನಾರ್ಕ್ಲಿಂಗ್ (ಉಸಿರುಕೊಳವೆ ಕಚ್ಚಿಕೊಂಡು ತೇಲುತ್ತಾ ನೀರೊಳಗೆ ನೋಡುವುದು) ಹೋಲ್ ಚಾನ್‌ನಲ್ಲಿ. ಹವಳವಿರುವ ಕಡಲ ಭಾಗ ಅದು, 1987ರಿಂದ ಸಂರಕ್ಷಿತ ಜಾಗ. ಪಕ್ಕದ ಶಾರ್ಕ್ ರೇ ಆ್ಯಲಿಯಲ್ಲಿ ದೋಣಿ ಸದ್ದು ಕೇಳಿದರೆ ಸಾಕು, ನರ್ಸ್ ಶಾರ್ಕ್‌ಗಳು ಮುತ್ತಿಕೊಳ್ಳುತ್ತವೆ. ಹಿಂದೆ ಬೆಸ್ತರು ಅಲ್ಲೇ ಮೀನು ಹಸನು ಮಾಡುತ್ತಿದ್ದರು, ಆಗಿನಿಂದ ಹತ್ತಿದ ರುಚಿ. ಅವು ಸಾಧು ಪ್ರಾಣಿಗಳೇ, ಆದರೂ ಮುಟ್ಟಬೇಡಿ. ಹವಳದ ಮೇಲೆ ಕಾಲಿಡಲೇಬೇಡಿ. ಬೆನ್ನು ಸುಟ್ಟು ಕೆಂಪಾಗುತ್ತದೆ, ತುಂಬುತೋಳಿನ ಈಜುಡುಪು ತನ್ನಿ.

ಸಂಜೆ ಈಜಲು ಸ್ಪ್ಲಿಟ್, ದ್ವೀಪವನ್ನು ಎರಡಾಗಿ ಸೀಳುವ ಜಾಗ. 1961ರ ಹ್ಯಾಟಿ ಚಂಡಮಾರುತ ಕೊರೆದ ಕಾಲುವೆ ಅದು. ಸೆಳೆತ ಜೋರು, ಮಕ್ಕಳ ಮೇಲೆ ಕಣ್ಣಿರಲಿ.

ತಿಂಡಿಗೆ ಫ್ರೈ ಜ್ಯಾಕ್, ನಮ್ಮ ಪೂರಿಯ ಅಣ್ಣ. ಸಸ್ಯಾಹಾರಿಗಳು ಜೊತೆಗೆ ಕೊಡುವ ಬೀನ್ಸ್ ಕಾಳಿಗೆ ಮಾಂಸ ಹಾಕಿದ್ದಾರಾ ಅಂತ ಕೇಳಿಯೇ ತಿನ್ನಿ.

ಇನ್ನೊಂದು ಮಾತು, ಬೆಲೆ ಹೇಳಿದಾಗ ಯಾವ ಡಾಲರ್ ಅಂತ ಕೇಳಿ. ಎರಡು ಬೆಲೀಜ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್.