ಎಂಜಿನ್ ಕೊಡುವ ಅಂಕಿಯನ್ನು ಓದುವುದು ಹೇಗೆ?

ಮಾನ್ಯ ಸಂಪಾದಕರೇ,

‘ಎಂಜಿನ್ ಪ್ರಕಾರ ಬಿಳಿಕಾಯಿಗೆ 1.2ರಷ್ಟು ಮುನ್ನಡೆ’ ಎಂಬ ಮಾತು ಚೆಸ್ ವರದಿಗಳಲ್ಲಿ ಈಗ ಸಾಮಾನ್ಯವಾಗಿದೆ. ಎಂಜಿನ್ ಎಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ. ಯಾವ ಎಂಜಿನ್, ಆ ಅಂಕಿಯ ಅರ್ಥವೇನು ಎಂಬುದನ್ನು ಮಾತ್ರ ವರದಿಗಳು ತಿಳಿಸುವುದು ಅಪರೂಪ. ಹಿಂದೆ 1 ಎಂದರೆ ಸುಮಾರು ಒಂದು ಕಾಲಾಳಿನ ಮೇಲುಗೈ ಎಂದರ್ಥವಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ, ಸ್ಟಾಕ್‌ಫಿಶ್ ಎಂಬ ಎಂಜಿನ್ನಿನ 15.1ನೇ ಆವೃತ್ತಿಯಿಂದ ಈಚೆಗೆ ಅದು, ಎಂಜಿನ್ ತನ್ನೊಂದಿಗೇ ಆಡಿದರೆ ಮುನ್ನಡೆಯಲ್ಲಿರುವ ಬದಿ ಗೆಲ್ಲುವ ಸಾಧ್ಯತೆ ಶೇ 50ರಷ್ಟಿದೆ ಎಂಬುದನ್ನು ಸೂಚಿಸುತ್ತದೆ. ಇದನ್ನು ಈಗಲೂ ‘ಒಂದು ಕಾಲಾಳಿನ ಮುನ್ನಡೆ’ ಎಂದು ಬರೆಯುವುದು ತಪ್ಪು.

ನಡೆಗಳನ್ನು ಆಳವಾಗಿ ಶೋಧಿಸಿ ಹೊಡೆತಗಳನ್ನು ಪತ್ತೆಹಚ್ಚುವ ಶಕ್ತಿ ಮತ್ತು ಕಾಯಿಗಳ ನೆಲೆಯನ್ನು ನೋಡಿ ಸ್ಥಿತಿಯ ಒಳಿತು ಕೆಡುಕನ್ನು ಅಳೆಯುವ ಶಕ್ತಿ, ಇವೆರಡನ್ನೂ ಒಂದೇ ಯಂತ್ರದಲ್ಲಿ ಸೇರಿಸುವುದು ದಶಕಗಳ ಸಮಸ್ಯೆಯಾಗಿತ್ತು. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. 2017ರಲ್ಲಿ, ತನ್ನೊಂದಿಗೇ ಆಡಿ ಕಲಿತ ಆಲ್ಫಾಝೀರೊ ಎಂಬ ಪ್ರೋಗ್ರಾಂ ಸೆಕೆಂಡಿಗೆ 80,000 ಸ್ಥಿತಿಗಳನ್ನಷ್ಟೇ ನೋಡಿ, ಏಳು ಕೋಟಿ ನೋಡುತ್ತಿದ್ದ ಸ್ಟಾಕ್‌ಫಿಶ್ ವಿರುದ್ಧ 100 ಆಟಗಳಲ್ಲಿ ಒಂದನ್ನೂ ಸೋಲಲಿಲ್ಲ. ಆ ಸ್ಪರ್ಧೆಯ ಷರತ್ತುಗಳಿಗೆ ಆಕ್ಷೇಪಗಳಿದ್ದವು. ಆದರೂ ಸ್ಥಿತಿಯನ್ನು ಅಳೆಯುವ ವಿವೇಕದ ಬೆಲೆ ಅಲ್ಲಿ ಎದ್ದು ಕಂಡಿತು.

ಹಾಗಾದರೆ ಎರಡು ಬಗೆಯ ಎಂಜಿನ್‌ಗಳನ್ನು ಅಕ್ಕಪಕ್ಕ ಕೂರಿಸಿ ಅವುಗಳ ಅಂಕಿಗಳ ಸರಾಸರಿ ತೆಗೆದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಅವುಗಳ ಅಳತೆಗೋಲುಗಳೇ ಬೇರೆ ಎಂಬುದು ಸಣ್ಣ ತೊಡಕು. ದೊಡ್ಡ ತೊಡಕೆಂದರೆ, ಒಂದು ಎಂಜಿನ್ ಎದುರಾಳಿಯ ಒಂಟೆಯನ್ನು ಮೂಲೆಯಲ್ಲಿ ಕಟ್ಟಿಹಾಕಲು ಕಾಲಾಳನ್ನು ಬಿಟ್ಟುಕೊಟ್ಟಿರುತ್ತದೆ. ಮುಂದಿನ ನಡೆಯಲ್ಲಿ ಸರಾಸರಿಯು ಇನ್ನೊಂದರ ಕಡೆಗೆ ವಾಲಿದಾಗ, ಆ ತ್ಯಾಗದ ಉದ್ದೇಶವೇ ತಿಳಿಯದ ಅದು ಕಳೆದ ಕಾಲಾಳನ್ನು ಮರಳಿ ಪಡೆಯಲು ಹೋಗಿ ಒಂಟೆಯನ್ನು ಬಿಡಿಸಿಬಿಡುತ್ತದೆ. ಜರ್ಮನಿಯ ಗಣಿತಜ್ಞ ಇಂಗೊ ಆಲ್ತೋಫರ್ ಯಾವ ಎಂಜಿನ್ನಿನ ಮಾತು ಕೇಳಬೇಕೆಂಬ ತೀರ್ಪನ್ನು ಮನುಷ್ಯನಿಗೇ ಒಪ್ಪಿಸಿದ್ದರು. ಪ್ರೋಗ್ರಾಂಗಳು ಮುಂದಿಟ್ಟ ನಡೆಗಳಲ್ಲಿ ಒಂದನ್ನು ಆರಿಸುವುದಷ್ಟೇ ಅವರ ಕೆಲಸ. ಅಷ್ಟರಿಂದಲೇ ಅವರ ವ್ಯವಸ್ಥೆ 1997ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆರ್ತುರ್ ಯುಸುಪೋವ್ ಅವರನ್ನು 5–3ರಿಂದ ಮಣಿಸಿತು.

ನಿಜವಾದ ಬೆಸುಗೆ ಆದದ್ದು ಬೇರೆ ದಾರಿಯಲ್ಲಿ. ಜಪಾನಿನ ಯು ನಾಸು ಅವರು 2018ರಲ್ಲಿ ಚೆಸ್ಸನ್ನು ಹೋಲುವ ಜಪಾನಿನ ಶೋಗಿ ಆಟಕ್ಕಾಗಿ, ಕಾಯಿ ಸರಿದಾಗ ಬದಲಾದ ಭಾಗವನ್ನಷ್ಟೇ ಮತ್ತೆ ಲೆಕ್ಕಹಾಕುವ ಪುಟ್ಟ ನರಜಾಲವೊಂದನ್ನು (ಉದಾಹರಣೆಗಳಿಂದ ಕಲಿತು ಸ್ಥಿತಿಯನ್ನು ಅಳೆಯುವ ಲೆಕ್ಕದ ಜಾಲ) ರೂಪಿಸಿದರು. ಸಾಮಾನ್ಯ ಕಂಪ್ಯೂಟರಿನಲ್ಲೇ ವೇಗವಾಗಿ ಓಡುವ ಅದು 2020ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಫಿಶ್ 12ರ ಶೋಧನೆಯೊಳಗೇ ಸೇರಿತು. ಮುಂದೆ ಆ ಜಾಲಕ್ಕೆ ಆಲ್ಫಾಝೀರೊ ಮಾದರಿಯ ಲೀಲಾ ಎಂಜಿನ್ನಿನ ಆಟಗಳಿಂದಲೇ ತರಬೇತಿ ದೊರೆಯಿತು. ಪ್ರತಿಸ್ಪರ್ಧಿಯೇ ಗುರುವಾದ ಈ ಸಂಗತಿ ನನಗೆ ಇಡೀ ಚರಿತ್ರೆಯಲ್ಲೇ ಅತ್ಯಂತ ಸೊಗಸಾಗಿ ಕಾಣುತ್ತದೆ.

ಆದುದರಿಂದ ಎಂಜಿನ್ನಿನ ಅಂಕಿಯನ್ನು ಅಚ್ಚು ಹಾಕುವಾಗ ಅದರ ಹೆಸರು, ಆವೃತ್ತಿ ಮತ್ತು ಶೋಧನೆಯ ಆಳವನ್ನೂ (ಎಷ್ಟು ನಡೆ ಮುಂದಕ್ಕೆ ನೋಡಿತು ಎಂಬುದನ್ನು) ನಮೂದಿಸಬೇಕೆಂದು ಕೋರುತ್ತೇನೆ. ಮಕ್ಕಳಿಗೆ ಕಲಿಸುವ ತರಬೇತುದಾರರಲ್ಲಿಯೂ ಒಂದು ವಿನಂತಿ: ಸ್ಟಾಕ್‌ಫಿಶ್ ಮತ್ತು ಲೀಲಾ ಎರಡನ್ನೂ ತೆರೆದಿಟ್ಟು, ಅವು ಬೇರೆ ಬೇರೆ ನಡೆಗಳನ್ನು ಸೂಚಿಸುವ ಸ್ಥಿತಿಯಲ್ಲಿ ಕಂಪ್ಯೂಟರಿನ ತೆರೆಯನ್ನು ಮುಚ್ಚಿ, ಕಾರಣವನ್ನು ಮಕ್ಕಳೇ ಹುಡುಕಲು ಬಿಡಿ.

ಇಂತಿ,
ಚೆಸ್ ಆಸಕ್ತ ಓದುಗ, ಶಿವಮೊಗ್ಗ