ರೋಗಪತ್ತೆ ನಮ್ಮ ಜಿಲ್ಲೆಯಲ್ಲೇ ಆಗಲಿ: ವಿರಾಜಪೇಟೆ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಕಾಡಾನೆ, ರಸ್ತೆ, ಕರೆಂಟು, ಪೈಸಾರಿ ಜಾಗದ ಹಕ್ಕುಪತ್ರ ಅಂತ ದಿನಾ ನಿಮ್ಮ ಮುಂದೆ ಅರ್ಜಿಗಳು ಬಂದು ಬೀಳುತ್ತಿರುತ್ತವೆ. ಅವೆಲ್ಲ ಆಗಲೇಬೇಕಾದ ಕೆಲಸಗಳೇ. ಆದರೆ ಯಾರೂ ಅರ್ಜಿ ಹಾಕದ ಒಂದು ವಿಷಯವಿದೆ. ಗಿಡಕ್ಕಾಗಲಿ ಮನುಷ್ಯರಿಗಾಗಲಿ ಬಂದ ರೋಗ ಯಾವುದೆಂದು ಸಕಾಲದಲ್ಲಿ ಹೇಳುವ ವ್ಯವಸ್ಥೆ ನಮ್ಮ ಕೊಡಗು ಜಿಲ್ಲೆಯಲ್ಲಿ ತೀರಾ ದುರ್ಬಲವಾಗಿದೆ. ಆ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲು ಕರಿಮೆಣಸು. ಕೆಲವು ವರ್ಷಗಳ ಹಿಂದೆ ಒಂದು ನರ್ಸರಿಯಿಂದ ಬಳ್ಳಿಗಳನ್ನು ತಂದು ಹಾಲುವಾಣದ ಮರಗಳ ಬುಡದಲ್ಲಿ ನೆಟ್ಟೆವು. ಚೀಲದಲ್ಲಿದ್ದಾಗ ನೋಡಲು ಚೆನ್ನಾಗಿಯೇ ಇದ್ದವು. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಎಲೆಗಳು ಸಣ್ಣದಾಗಿ ಮುರುಟಿಕೊಂಡವು, ಅಂಚು ಅಲೆಅಲೆಯಾಗಿ ಮಡಚಿತು, ಎಲೆಯ ಮೇಲೆ ಹಳದಿ ಮಚ್ಚೆ ಬಿತ್ತು, ಗಿಣ್ಣುಗಳು ಒತ್ತೊತ್ತಾಗಿ ಬಳ್ಳಿ ಮೇಲೇಳಲೇ ಇಲ್ಲ. ಸತುವಿನ ಕೊರತೆ ಎಂದರು ಒಬ್ಬರು, ನೆರಳು ಹೆಚ್ಚಾಯಿತು ಎಂದರು ಇನ್ನೊಬ್ಬರು. ಎಲೆ ಕಿತ್ತು ಜಿಲ್ಲೆಯ ಹೊರಗಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದೆವು. ಅದು ವೈರಸ್ ಎಂಬ ಉತ್ತರ ಬರುವ ಹೊತ್ತಿಗೆ ಅದೇ ಬಳ್ಳಿಗಳಿಂದ ಕತ್ತರಿಸಿದ ತುಂಡುಗಳನ್ನು ಪಕ್ಕದ ತೋಟದವರು ಒಯ್ದು ನೆಟ್ಟೂ ಆಗಿತ್ತು.

ಈ ರೋಗಕ್ಕೆ ಕಾರಣವಾಗುವ ವೈರಸ್‌ಗಳು ಮುಖ್ಯವಾಗಿ ಎರಡು: ಕುಕುಂಬರ್ ಮೊಸಾಯಿಕ್ ಮತ್ತು ಪೈಪರ್ ಯೆಲ್ಲೋ ಮಾಟಲ್. ಯಾವ ಔಷಧಿ ಸಿಂಪಡಿಸಿದರೂ ಬಗ್ಗುವ ಜಾತಿಯಲ್ಲ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಬುಡ ಕೊಳೆಯುವ ಶೀಘ್ರ ಸೊರಗು ರೋಗವನ್ನು ತಡೆದೀತು, ಇದಕ್ಕೆ ಏನೂ ಮಾಡದು. ರೋಗವಿರುವ ತಾಯಿಬಳ್ಳಿಯಿಂದ ತೆಗೆದ ತುಂಡಿನ ಜೊತೆಗೇ ವೈರಸ್ ಬರುತ್ತದೆ. ಹಾಗಾಗಿ ಇದನ್ನು ತಡೆಯಬಹುದಾದ ಜಾಗ ನರ್ಸರಿ. ಕೋಝಿಕ್ಕೋಡಿನ ಭಾರತೀಯ ಸಾಂಬಾರು ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ವೈರಸ್‌ಗಳಿಗೆ ‘ಲ್ಯಾಂಪ್’ ಎಂಬ, ವೈರಸ್‌ನ ವಂಶವಾಹಿಯನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ವಿಧಾನದ ಪರೀಕ್ಷೆಯನ್ನು ರೂಪಿಸಿದ್ದಾರೆ. ದುಬಾರಿ ಪಿಸಿಆರ್ ಯಂತ್ರ ಬೇಕಿಲ್ಲ. ಸುಮಾರು 60ರಿಂದ 65 ಡಿಗ್ರಿಯ ಒಂದೇ ಶಾಖವನ್ನು ಕಾಯ್ದುಕೊಳ್ಳುವ ಸಣ್ಣ ಪೆಟ್ಟಿಗೆ ಸಾಕು. ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲೇ ಇದೆ. ವಿದ್ಯೆ ನಮ್ಮ ದೇಶದ್ದೇ, ಕೇಂದ್ರ ನಮ್ಮ ಜಿಲ್ಲೆಯದ್ದೇ. ಆದರೂ ಗಿಡ ಮಾರುವ ಮುನ್ನ ತಾಯಿಬಳ್ಳಿಯನ್ನು ಪರೀಕ್ಷಿಸಬೇಕೆಂದು ನರ್ಸರಿಯವರನ್ನು ಕೇಳುವವರಿಲ್ಲ.

ಕೊಡಗಿನ ಕಿತ್ತಳೆಯ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ತೋಟದಲ್ಲಿ ಮರವಿಲ್ಲ. ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾ ಮರದ ಆಹಾರನಾಳದೊಳಗೆ ಕೂತಿರುತ್ತದೆ, ಒಂದು ಪುಟ್ಟ ಜಿಗಿಹುಳ ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆ. ಎಲೆ ಹಳದಿಯಾಗಿ ಕಾಣುವ ಮೊದಲೇ ಆ ಮರ ಸುತ್ತಲಿನ ಮರಗಳಿಗೆ ರೋಗ ಹಂಚಿರುತ್ತದೆ. ಕಂಡ ಮೇಲೂ ಪೋಷಕಾಂಶದ ಕೊರತೆಯೆಂದೇ ನಾವು ಭಾವಿಸಿ ಗೊಬ್ಬರ ಹಾಕುತ್ತಾ ಕೂತಿರುತ್ತೇವೆ.

ಇಲ್ಲಿಗೆ ಬೆಳಕಿನ ವಿಜ್ಞಾನ ಬರುತ್ತದೆ. ವಸ್ತುವಿನಿಂದ ಚದುರಿದ ಬೆಳಕು ತನ್ನ ಬಣ್ಣವನ್ನು ತುಸು ಬದಲಿಸಿಕೊಳ್ಳುತ್ತದೆ, ಆ ಬದಲಾವಣೆಯಿಂದ ವಸ್ತುವಿನೊಳಗೆ ಏನಿದೆಯೆಂದು ತಿಳಿಯಬಹುದು ಎಂದು ಸಿ.ವಿ. ರಾಮನ್ 1928ರಲ್ಲಿ ತೋರಿಸಿದರು. ಆ ತತ್ವದ ಮೇಲೆ ಕೆಲಸ ಮಾಡುವ, ಕೈಯಲ್ಲಿ ಹಿಡಿಯಬಹುದಾದ ಯಂತ್ರವನ್ನು ಎಲೆಯ ಮೇಲಿಟ್ಟು ಕಿತ್ತಳೆ ಮರದ ಗ್ರೀನಿಂಗ್ ರೋಗವನ್ನು ಗುರುತಿಸಬಹುದು ಎಂದು ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಎಲೆ ಕೀಳಬೇಕಿಲ್ಲ, ಅರೆಯಬೇಕಿಲ್ಲ. ಆದರೆ ಅಲ್ಲಿನ ಬಯಲು ತೋಟದ ಕಿತ್ತಳೆಯಿಂದ ಕಲಿತ ಯಂತ್ರ, ಕಾಫಿಯ ನಡುವೆ ನೆರಳಲ್ಲಿ ಕಕ್ಕಡ ಮಾಸದ ಜಡಿಮಳೆ ತಿಂದು ಬೆಳೆದ ನಮ್ಮ ಮರವನ್ನು ಸರಿಯಾಗಿ ಓದುತ್ತದೆಂದು ನಂಬಿ ಕೂರುವಂತಿಲ್ಲ. ಇಲ್ಲಿನ ಎಲೆಗಳ ಮೇಲೆ ಇಲ್ಲಿನವರೇ ಅದನ್ನು ಪಳಗಿಸಬೇಕು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಭಾಗ ಒಟ್ಟಾಗಿ ಮಾಡಬಹುದಾದ ಕೆಲಸವಿದು.

ಇನ್ನೂ ಅಗ್ಗದ ದಾರಿಯೊಂದಿದೆ. ಗರ್ಭ ಪರೀಕ್ಷೆಯ ಪಟ್ಟಿಯಲ್ಲೂ ಕೊರೋನಾ ಕಾಲದ ಆ್ಯಂಟಿಜೆನ್ ಕಿಟ್‌ನಲ್ಲೂ ಮೂಡಿದ ಕೆಂಪು ಗೆರೆ ಬಹುಪಾಲು ಚಿನ್ನದ್ದು. ಚಿನ್ನವನ್ನು ಸುಮಾರು 40 ನ್ಯಾನೋಮೀಟರಿನಷ್ಟು, ಎಂದರೆ ತಲೆಗೂದಲಿನ ದಪ್ಪದ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಸಣ್ಣದಾಗಿಸಿದರೆ ಅದರ ಎಲೆಕ್ಟ್ರಾನುಗಳು ಬೆಳಕಿಗೆ ಒಟ್ಟಾಗಿ ತೂಗಾಡಿ ಹಸಿರನ್ನು ಹೀರಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಮಾಣಿಕ್ಯದ ಕೆಂಪು ಕಾಣುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪು ದ್ರಾವಣವನ್ನು ಅಭ್ಯಾಸ ಮಾಡಿದ್ದರು. ಗಾತ್ರ ಬದಲಾದಂತೆ ಬಣ್ಣ ಬದಲಿಸುವ ಇನ್ನೊಂದು ಬಗೆಯ ಕಣಗಳಿಗೆ, ಕ್ವಾಂಟಮ್ ಡಾಟ್‌ಗಳಿಗೆ, 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ರೋಗಾಣುವನ್ನು ಹಿಡಿಯುವ ಪ್ರತಿಕಾಯವನ್ನು ಇಂಥ ಚಿನ್ನದ ಕಣಕ್ಕೆ ಅಂಟಿಸಿದರೆ ಆಯಿತು, ಒಂದು ತುಂಡು ಕಾಗದವೇ ಪ್ರಯೋಗಾಲಯ. ಪಟ್ಟಿಯ ಮೇಲೆ ಬಿದ್ದದ್ದು ಮನುಷ್ಯನ ರಕ್ತವೋ ಬಳ್ಳಿಯ ರಸವೋ, ತತ್ವ ಅದೇ. ಕರಿಮೆಣಸಿನ ಬುಡ ಕೊಳೆಸುವ ಫೈಟಾಫ್ತೊರಾ ಎಂಬ ರೋಗಾಣುವಿನ ಕುಲವನ್ನು ಪತ್ತೆ ಮಾಡುವ ಪಟ್ಟಿಗಳು ವಿದೇಶಗಳಲ್ಲಿ ಈಗಾಗಲೇ ಮಾರಾಟಕ್ಕಿವೆ.

ಈಗ ಮನುಷ್ಯರ ವಿಷಯ. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸಿಕಲ್ ಸೆಲ್ ಎಂದರೆ ಹೆತ್ತವರಿಂದ ಮಕ್ಕಳಿಗೆ ಬರುವ ರಕ್ತದ ರೋಗ. ಅದರ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನ 2023ರ ಜುಲೈನಲ್ಲಿ ಶುರುವಾಯಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವುದು ಗುರಿ. ಬೆರಳಿನ ಒಂದು ಹನಿ ರಕ್ತದಿಂದ ಕೆಲವೇ ನಿಮಿಷದಲ್ಲಿ ಫಲಿತಾಂಶ ಹೇಳುವ ಕಿಟ್‌ಗಳಿವೆ. ಆದರೆ ನಮ್ಮ ಬುಡಕಟ್ಟಿನವರಾದ ಯರವರು, ಜೇನುಕುರುಬರು ಎಲ್ಲರೂ ವರ್ಷವಿಡೀ ತಮ್ಮ ಕೇರಿಯಾದ ಹಾಡಿಯಲ್ಲೇ ಇರುವವರಲ್ಲ. ಕಾಫಿ ಕೊಯ್ಲು, ಮೆಣಸು ಕೊಯ್ಲು, ಮರಕಪಾತು ಎಂದು ತೋಟದಿಂದ ತೋಟಕ್ಕೆ ಹೋಗಿ ಲೈನ್ ಮನೆಗಳಲ್ಲಿ, ಎಂದರೆ ತೋಟದ ಕೂಲಿಕಾರರ ಸಾಲುಮನೆಗಳಲ್ಲಿ, ಉಳಿಯುತ್ತಾರೆ. ಹಾಡಿಗೆ ಮಾತ್ರ ಹೋಗುವ ತಂಡಕ್ಕೆ ಅವರು ಸಿಗುವುದಿಲ್ಲ. ಕೈಕಾಲು ನೋವೆಂದು ಕೆಲಸಕ್ಕೆ ಬಾರದ ಹುಡುಗನನ್ನು ಮೈಗಳ್ಳ ಎಂದು ಬೈಯುವುದನ್ನು ನಾನೇ ಕೇಳಿದ್ದೇನೆ. ಆ ನೋವು ಕುಡುಗೋಲಿನಾಕಾರಕ್ಕೆ ತಿರುಗಿದ ರಕ್ತಕಣ ನಾಳದಲ್ಲಿ ಸಿಕ್ಕಿಕೊಂಡದ್ದರಿಂದಲೂ ಆಗಿರಬಹುದಲ್ಲ? ಯಾರೂ ಪರೀಕ್ಷಿಸಿರಲಿಲ್ಲ.

ಜೀನ್ ತಿದ್ದುವ ಕ್ರಿಸ್ಪರ್ ವಿಧಾನದಿಂದ ಸಿಕಲ್ ಸೆಲ್‌ಗೆ ಚಿಕಿತ್ಸೆ ಕೊಡಲು 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಅನುಮತಿ ಕೊಟ್ಟವು. ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ನಮ್ಮ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ದೊಡ್ಡ ಸಾಧನೆಗಳು, ಸಂಶಯವಿಲ್ಲ. ಆದರೆ ಸಿಕಲ್ ಸೆಲ್‌ನ ಆ ಚಿಕಿತ್ಸೆಗೆ ಅನುಮತಿ ಸಿಕ್ಕಾಗ ಅಮೆರಿಕದಲ್ಲಿ ಒಬ್ಬರಿಗೆ 22 ಲಕ್ಷ ಡಾಲರ್ ಬೆಲೆಯಿತ್ತು. ಲೈನ್ ಮನೆಯ ಮಗುವಿಗೆ ಇವತ್ತು ಎಟುಕುವುದು ಒಂದು ಹನಿ ರಕ್ತದ ಪರೀಕ್ಷೆ, ಬೇಕಿದ್ದವರಿಗೆ ಈ ರೋಗದ ನೋವು ತಗ್ಗಿಸಲು ವೈದ್ಯರು ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ, ಮದುವೆಗೆ ಮುನ್ನ ತಿಳಿವಳಿಕೆಯ ನಾಲ್ಕು ಮಾತು. ಅದನ್ನು ಮೊದಲು ತಲುಪಿಸೋಣ.

ಇದನ್ನೆಲ್ಲ ನಿಮಗೇ ಏಕೆ ಬರೆಯುತ್ತಿದ್ದೇನೆ ಎಂದರೆ, ಕಾಫಿ ಮಂಡಳಿ ಮತ್ತು ಸಾಂಬಾರ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೈಕೆಳಗಿವೆ. ಅಪ್ಪಂಗಳ ಮತ್ತು ಚೆಟ್ಟಳ್ಳಿಯ ಕೃಷಿ ಸಂಶೋಧನಾ ಕೇಂದ್ರಗಳು ಕೃಷಿ ಸಚಿವಾಲಯದ ಕಡೆಯವು. ತೋಟಗಾರಿಕೆ ಇಲಾಖೆ, ಆರೋಗ್ಯ ಇಲಾಖೆ, ಮಡಿಕೇರಿಯ ವೈದ್ಯಕೀಯ ಕಾಲೇಜು ರಾಜ್ಯದವು. ಇವರಲ್ಲಿ ಯಾರೂ ಇನ್ನೊಬ್ಬರನ್ನು ಕರೆದು ಕೂರಿಸಲಾರರು. ನೀವು ಕರೆದರೆ ಎಲ್ಲರೂ ಬರುತ್ತಾರೆ.

ಹೊಸ ಕಟ್ಟಡ ಕೇಳುತ್ತಿಲ್ಲ. ಶಂಕುಸ್ಥಾಪನೆಯ ಕಲ್ಲುಗಳು ಜಿಲ್ಲೆಯಲ್ಲಿ ಸಾಕಷ್ಟಿವೆ. ಈಗಿರುವ ಯಾವುದಾದರೂ ಒಂದು ಕೇಂದ್ರದಲ್ಲಿ ಬೆಳೆಗಾರರು ನೇರವಾಗಿ ಎಲೆ ತಂದುಕೊಡುವ ಕೌಂಟರ್, ವಾರದೊಳಗೆ ಮೊಬೈಲಿಗೆ ಉತ್ತರ. ಮೆಣಸಿನ ಗಿಡ ಮಾರುವ ಪ್ರತಿ ನರ್ಸರಿಯ ತಾಯಿಬಳ್ಳಿಗೆ ವರ್ಷಕ್ಕೊಮ್ಮೆ ವೈರಸ್ ಪರೀಕ್ಷೆ, ಸಣ್ಣ ನರ್ಸರಿಗಳಿಗೆ ಅದರ ಖರ್ಚು ಸರ್ಕಾರದ್ದು. ಕೊಯ್ಲಿನ ಕಾಲದಲ್ಲಿ ಲೈನ್ ಮನೆಗಳಿಗೇ ಹೋಗುವ ರಕ್ತಪರೀಕ್ಷೆಯ ತಂಡ, ಅದಕ್ಕೆ ಗೇಟು ತೆರೆಯಲು ಬೆಳೆಗಾರರ ಸಂಘಗಳಿಗೆ ನಿಮ್ಮದೊಂದು ಮಾತು. ಫಲಿತಾಂಶದ ಚೀಟಿ ಮಾಲೀಕರ ಕೈಗಲ್ಲ, ಪರೀಕ್ಷೆ ಮಾಡಿಸಿಕೊಂಡವರ ಕೈಗೇ ಹೋಗಬೇಕು. ಇದನ್ನು ಬೆಳೆಗಾರನಾಗಿಯೇ ಹೇಳುತ್ತಿದ್ದೇನೆ.

ಫೆಬ್ರವರಿ, ಮಾರ್ಚ್‌ನಲ್ಲಿ ನರ್ಸರಿಯವರು ಹಂಬು ಕತ್ತರಿಸಿ ಚೀಲಕ್ಕೆ ಹಾಕುತ್ತಾರೆ. ಜೂನ್ ಮಳೆಗೆ ಅವು ನಮ್ಮ ತೋಟಗಳಿಗೆ ಬರುತ್ತವೆ. ಜನವರಿಯೊಳಗೆ ಆ ಒಂದು ಸಭೆ ಕರೆಯಿರಿ. ತಡವಾದರೆ ರೋಗದ ಬಳ್ಳಿಗಳನ್ನು ಇನ್ನೊಂದು ವರ್ಷ ದುಡ್ಡು ಕೊಟ್ಟು ತರುತ್ತೇವೆ. ಸಭೆಗೆ ಬೆಳೆಗಾರರನ್ನೂ ಹಾಡಿಯ ಮುಖಂಡರನ್ನೂ ಕರೆಯುವುದಾದರೆ, ನನ್ನ ತೋಟದ ಬಳ್ಳಿಗಳ ಮಾದರಿ ಹಿಡಿದುಕೊಂಡು ನಾನೂ ಬರುತ್ತೇನೆ.

ಇಂತಿ ವಿಶ್ವಾಸಿ,
ಅಮ್ಮತ್ತಿ ಕಡೆಯ ಒಬ್ಬ ಕಾಫಿ ಬೆಳೆಗಾರ